ಕೈರುಚಿಯೂ ನಳಪಾಕವೂ

ಊಟ ಬಹಳ ಚೆನ್ನಾಗಿತ್ತು ಎಂದು ಹೇಳುವುದಕ್ಕೆ ಕನ್ನಡದಲ್ಲಿ ಎರಡು ದೊಡ್ಡ ಮಾತುಗಳಿವೆ. ಒಂದು ನಳಪಾಕ, ಇನ್ನೊಂದು ಭೀಮಪಾಕ. ನಳ ರಾಜ್ಯ ಕಳೆದುಕೊಂಡು ಬಾಹುಕನೆಂಬ ಹೆಸರಿನಲ್ಲಿ ಋತುಪರ್ಣನ ಬಳಿ ಊಳಿಗಕ್ಕೆ ನಿಂತವನು. ಅವನು ಮಾಡಿದ ಅಡುಗೆಯ ರುಚಿ ನೋಡಿಯೇ ದಮಯಂತಿ ಇವನು ತನ್ನ ಗಂಡನೆಂದು ಗುರುತು ಹಿಡಿದಳಂತೆ. ಭೀಮ ಅಜ್ಞಾತವಾಸದಲ್ಲಿ ವಿರಾಟನ ಮನೆಯ ಬಾಣಸಿಗನಾಗಿದ್ದವನು. ಇಬ್ಬರೂ ಗಂಡಸರು. ಹನ್ನೆರಡು ವರ್ಷ ಕಾಡಿನಲ್ಲಿ ಬಂದವರಿಗೆಲ್ಲ ಬಡಿಸಿ, ಎಲ್ಲರದೂ ಆದ ಮೇಲೆ ತಾನು ಉಂಡ ದ್ರೌಪದಿಯ ಹೆಸರಿನಲ್ಲಿ ಒಂದು ಪಾಕವಿಲ್ಲ. ಅಕ್ಷಯಪಾತ್ರೆಗೆ ಹೆಸರು ಬಂತು, ಬಡಿಸಿದ ಕೈಗೆ ಬರಲಿಲ್ಲ.

ಹಾಗೆಂದು ಹೆಂಗಸರ ಅಡುಗೆಯನ್ನು ನಾವು ಹೊಗಳುವುದೇ ಇಲ್ಲ ಎನ್ನಲಾಗದು. ‘ಅವಳ ಕೈರುಚಿ ಚೆನ್ನಾಗಿದೆ’ ಎನ್ನುತ್ತೇವೆ. ಆದರೆ ಎರಡು ಹೊಗಳಿಕೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಪಾಕವೆಂದರೆ ಶಾಸ್ತ್ರ, ಕಲಿತು ಬಂದ ವಿದ್ಯೆ. ಕೈರುಚಿಯೆಂದರೆ ಹುಟ್ಟಿನ ಜೊತೆಗೇ ಬಂದದ್ದು, ಕೈಗೆ ಬೆರಳಿದ್ದ ಹಾಗೆ. ವಿದ್ಯೆಗೆ ಸಂಭಾವನೆ ಕೊಡಬೇಕಾಗುತ್ತದೆ. ಬೆರಳಿಗೆ ಯಾರು ಕೊಡುತ್ತಾರೆ? ಟೆಲಿವಿಷನ್ ಎಂಬ ಪೆಟ್ಟಿಗೆ ನಮ್ಮ ನಡುಮನೆಗೆ ಬಂದು ನಲವತ್ತು ವರ್ಷಗಳ ಮೇಲಾಯಿತು. ಅದು ಅಡುಗೆಯನ್ನು ತೋರಿಸಲು ಹೊರಟಾಗ ಈ ಎರಡು ಮಾತುಗಳನ್ನೂ ಹೇಗೆ ಹಂಚಿತು ಎಂಬುದನ್ನು ನಂಜನಗೂಡಿನಲ್ಲಿ ಬೆಳೆದು ತಿರುಮಕೂಡಲು ನರಸೀಪುರದಲ್ಲಿ ಸಂಸಾರ ಹೂಡಿದ ನಾನು ಕಂಡಷ್ಟು ಹೇಳುತ್ತೇನೆ.

ಹಂಚಿಕೆಯೇನೂ ಟೆಲಿವಿಷನ್ನಿನಿಂದ ಶುರುವಾದದ್ದಲ್ಲ. ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಅಡುಗೆಗೆಂದೇ ಒಂದು ಭಾಗವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1130ರ ಸುಮಾರಿನಲ್ಲಿ ಸಂಸ್ಕೃತದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ರಾಜನ ಊಟವನ್ನು ‘ಅನ್ನಭೋಗ’ವೆಂದು ವರ್ಣಿಸಿದ್ದಾರೆ. ನಮ್ಮ ಮೈಸೂರು ಜಿಲ್ಲೆಯಲ್ಲೇ, ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯನ್ನು ಆಳುತ್ತಿದ್ದ ಮೂರನೆಯ ಮಂಗರಸ 1508ರ ಸುಮಾರಿನಲ್ಲಿ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿ ಬರೆದ. ಅದರಲ್ಲಿ ರೊಟ್ಟಿಯ ಬಗೆಗಳುಂಟು, ಪಾಯಸ ಪಾನಕಗಳುಂಟು, ಬದನೆಕಾಯಿಯ ಅಡುಗೆಗಳಂತೂ ಸಾಲುಸಾಲಾಗಿವೆ. ಬರೆದವರೆಲ್ಲ ಅರಸರು ಇಲ್ಲವೆ ಅರಸರ ಆಸರೆಯ ಪಂಡಿತರು. ಆ ಬದನೆಕಾಯಿಗೆ ಉಪ್ಪು ಹುಳಿ ಎಷ್ಟೆಂದು ಮಂಗರಸನಿಗೆ ಯಾರು ಹೇಳಿದರೋ! ಕಲ್ಲಹಳ್ಳಿಯ ಅರಮನೆಯ ಅಡುಗೆಮನೆಯಲ್ಲಿ ಹೆಂಗಸರೇ ಇರಲಿಲ್ಲವೆಂದು ನಂಬುವುದು ನನಗೆ ಕಷ್ಟ.

ನಾನು ಹುಡುಗಿಯಾಗಿದ್ದಾಗಿನ ನಂಜನಗೂಡಿನಲ್ಲಿ ಹೊಸಿಲೇ ಗಡಿ. ಹೊಸಿಲಿನ ಒಳಗೆ ದಿನದ ಮೂರು ಹೊತ್ತು ಬೇಯಿಸುವವಳು ಹೆಂಗಸು. ಹೊಸಿಲು ದಾಟಿ ಅಡುಗೆ ಬೀದಿಗೆ ಬಂತೆಂದರೆ ಅದು ಗಂಡಸರ ಕೆಲಸ. ಶ್ರೀಕಂಠೇಶ್ವರನ ನೈವೇದ್ಯ, ದೊಡ್ಡ ಜಾತ್ರೆಯ ಸಂತರ್ಪಣೆ, ಛತ್ರದಲ್ಲಿ ಮದುವೆ, ಹೋಟೆಲಿನ ದೋಸೆ, ಎಲ್ಲದಕ್ಕೂ ಅಡುಗೆ ಭಟ್ಟರು. ಹಳ್ಳಿಯ ಕಡೆ ಮಾರಿಹಬ್ಬದ ಬಾಡೂಟಕ್ಕೆ ಕೊಪ್ಪರಿಗೆ ಇಟ್ಟರೂ ಅಷ್ಟೇ, ಮುಂದೆ ನಿಂತು ಸೌಟು ಹಿಡಿಯುವವರು ಗಂಡಸರು; ಈರುಳ್ಳಿ ಸುಲಿಯುವುದಕ್ಕೆ, ಕಾರ ಅರೆಯುವುದಕ್ಕೆ, ಮುಸುರೆ ತೊಳೆಯುವುದಕ್ಕೆ ಹೆಂಗಸರು. ಮೈಲಿಗೆಯ ಕಾರಣ ಹೇಳಿ ತಿಂಗಳಿಗೆ ಮೂರು ದಿನ ಹೆಣ್ಣನ್ನು ಒಲೆಯಿಂದ ದೂರ ಇಟ್ಟ ಸಮಾಜ, ಅದೇ ಕಾರಣ ಮುಂದಿಟ್ಟು ದೇವರ ಪಾಕಶಾಲೆಯಿಂದ ವರ್ಷಪೂರ್ತಿ ದೂರವಿಟ್ಟಿತು. ದೊಡ್ಡ ಮನೆಗಳಲ್ಲಿ ಗಂಡ ಸತ್ತ ಅಜ್ಜಿಯೊಬ್ಬಳು ಒಳಗೇ ಬೇಯಿಸುತ್ತ ಮುದಿಯಾಗುತ್ತಿದ್ದಳು. ಅವಳ ಸಾರನ್ನು ಊರೆಲ್ಲ ಹೊಗಳುತ್ತಿತ್ತು. ಎರಡು ಹೊತ್ತಿನ ಊಟ, ವರ್ಷಕ್ಕೆ ಎರಡು ಸೀರೆ, ಇಷ್ಟೇ ಅವಳ ಸಂಬಳ.

ಹೆಸರು ಉಳಿಯುವುದೂ ಹೊಸಿಲಿನ ಆಚೆಗೇ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಪಾಕು ಮಾಡಿದವರೆಂದು ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪನವರ ಹೆಸರನ್ನು ಇಂದಿಗೂ ಹೇಳುತ್ತಾರೆ. ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ 1924ರಲ್ಲಿ ಮೈಯ ಸಹೋದರರಿಂದ ಶುರುವಾದದ್ದೆಂದು ಎಲ್ಲರಿಗೂ ಗೊತ್ತು. ಹೆಸರು ಉಳಿದದ್ದು ಸರಿಯೇ, ಅವರು ದುಡಿದು ಗಳಿಸಿದ ಹೆಸರದು. ಆದರೆ ಉಪ್ಪುಸಾರನ್ನು, ಬಸ್ಸಾರನ್ನು, ಹಿತಕಿದ ಅವರೆಬೇಳೆಯ ಹುಳಿಯನ್ನು ಮೊದಲು ಮಾಡಿದವರು ಯಾರು? ಕೇಳಿದರೆ ‘ನಮ್ಮ ಹಿರಿಯರು’ ಎನ್ನುತ್ತೇವೆ.

ಹೆಂಗಸರ ಹೆಸರು ಅಚ್ಚಿಗೆ ಬರುವುದಕ್ಕೆ ದಾರಿ ಮಾಡಿದವರಲ್ಲಿ ಮೊದಲಿಗರು ನಮ್ಮೂರಿನವರೇ. ನಂಜನಗೂಡು ತಿರುಮಲಾಂಬ ಹುಟ್ಟಿದ್ದು 1887ರಲ್ಲಿ. ಬಾಲ್ಯದಲ್ಲೇ ಮದುವೆ, ಹದಿನಾಲ್ಕರಲ್ಲಿ ವೈಧವ್ಯ. ಅಂಥವರಿಗೆ ಆ ಕಾಲ ಗೊತ್ತುಮಾಡಿದ್ದ ಜಾಗ ಹಿತ್ತಲು ಮತ್ತು ಅಡುಗೆಮನೆ. ಅಲ್ಲಿಂದ ಎದ್ದು 1913ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆ ಆರಂಭಿಸಿದರು, ‘ಸುಶೀಲೆ’ ಕಾದಂಬರಿ ಬರೆದರು, ಮುಂದೆ ‘ಕರ್ನಾಟಕ ನಂದಿನಿ’ ಪತ್ರಿಕೆ ನಡೆಸಿದರು. ಹೆಂಗಸರಿಗಾಗಿ ಹೆಂಗಸೊಬ್ಬಳು ಬರೆದು ಅಚ್ಚು ಹಾಕಿಸುವುದೆಂದರೆ ಆಗ ಸಣ್ಣ ಮಾತಲ್ಲ. ತಮಿಳಿನಲ್ಲಿ ಎಸ್. ಮೀನಾಕ್ಷಿ ಅಮ್ಮಾಳ್ 1951ರಲ್ಲಿ ‘ಸಮೈತ್ತು ಪಾರ್’ ಎಂಬ ಅಡುಗೆ ಪುಸ್ತಕ ತಂದಾಗ, ತಾಯಿ ಪಕ್ಕದಲ್ಲಿಲ್ಲದ ಹೊಸ ಸೊಸೆಯಂದಿರಿಗೆ ಅದೇ ತಾಯಿಯಾಯಿತು. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಹುಟ್ಟುಹಾಕಿದ ಆಕಾಶವಾಣಿ ನಮ್ಮ ಅಮ್ಮಂದಿರ ಕಾಲಕ್ಕೆ ಮನೆಮನೆಗೂ ಬಂದಿತ್ತು. ಮಧ್ಯಾಹ್ನದ ಮಹಿಳಾ ಕಾರ್ಯಕ್ರಮದಲ್ಲಿ ಬೇಕಾಗುವ ಸಾಮಾನು ಎಂದು ಶುರುವಾದ ಕೂಡಲೇ ಅಮ್ಮ ಹಳೆಯ ಲೆಕ್ಕದ ಪುಸ್ತಕ ಹಿಡಿದು ಕೂರುತ್ತಿದ್ದಳು. ಬರೆದುಕೊಂಡದ್ದರಲ್ಲಿ ಮಾಡಿದ್ದು ಕಡಿಮೆ. ತನಗೆ ಗೊತ್ತಿರುವಂಥದ್ದನ್ನೇ ಇನ್ನೊಬ್ಬಳು ರೇಡಿಯೋದಲ್ಲಿ ಗೌರವದಿಂದ ಹೇಳುತ್ತಿದ್ದಾಳೆ ಎಂಬ ಸಂತೋಷಕ್ಕೇ ಬರೆಯುತ್ತಿದ್ದಳೋ ಏನೋ.

ಟೆಲಿವಿಷನ್ನಿನ ಅಡುಗೆಮನೆಗೆ ಮೊದಮೊದಲು ಕಾಲಿಟ್ಟವರಲ್ಲಿ ಗಂಡಸರೂ ಇದ್ದರು. 1946ರಲ್ಲಿ ಲಂಡನ್ನಿನ ಬಿಬಿಸಿಯಲ್ಲಿ ಫಿಲಿಪ್ ಹಾರ್ಬೆನ್ ಎಂಬಾತ, ಯುದ್ಧಕಾಲದ ರೇಷನ್ನು ಇನ್ನೂ ಮುಗಿಯದಿದ್ದಾಗ, ಗಡ್ಡ ಬಿಟ್ಟುಕೊಂಡು ಪಟ್ಟೆಯ ಏಪ್ರನ್ ಕಟ್ಟಿ ಅಡುಗೆ ತೋರಿಸಿದ. 1962ರಲ್ಲಿ ತೈವಾನಿನ ಟೆಲಿವಿಷನ್ನಿನಲ್ಲಿ ಫು ಪೈ-ಮೈ, 1963ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಜೂಲಿಯಾ ಚೈಲ್ಡ್ ಬಂದರು. ಜೂಲಿಯಾ ಅವರ ಕಾರ್ಯಕ್ರಮದ ಹೆಸರು ‘ದಿ ಫ್ರೆಂಚ್ ಶೆಫ್’. ಆಕೆ ಫ್ರೆಂಚರೂ ಅಲ್ಲ, ಹೋಟೆಲು ನಡೆಸಿದವರೂ ಅಲ್ಲ. ಆದರೂ ಆ ದೊಡ್ಡ ಬಿರುದು ಒಬ್ಬ ಹೆಂಗಸಿಗೆ ಸಿಕ್ಕಿತಲ್ಲ ಎಂಬುದೇ ನನಗೆ ವಿಶೇಷ.

ನಮ್ಮ ದೇಶಕ್ಕೆ ದೂರದರ್ಶನ ಬಂದದ್ದು 1959ರಲ್ಲಿ, ದೆಹಲಿಗೆ. ಬೆಂಗಳೂರಿಗೆ ಬರುವಾಗ 1981ರ ನವೆಂಬರ್ 1. ಮರುವರ್ಷವೇ ತಿರುಮಲಾಂಬ ತೀರಿಕೊಂಡರು. ನಮ್ಮ ಬೀದಿಯಲ್ಲಿ ಮೊದಲ ಟಿ.ವಿ. ಬಂದ ಮನೆಗೆ 1987ರ ಭಾನುವಾರಗಳಲ್ಲಿ ರಾಮಾಯಣ ನೋಡಲು ಇಡೀ ಬೀದಿಯೇ ಸೇರುತ್ತಿತ್ತು. ಸಂಜೆಯ ಮಹಿಳಾ ಕಾರ್ಯಕ್ರಮದ ಹೊತ್ತಿಗೆ ಮಾತ್ರ ಗಂಡಸರೆಲ್ಲ ಎದ್ದು ಹೋಗುವರು. ಒಂದು ಮೇಜು, ಅದರ ಮೇಲೆ ಸ್ಟೌವ್, ಸಾಲಾಗಿ ಜೋಡಿಸಿದ ಬಟ್ಟಲುಗಳು. ರೇಷ್ಮೆ ಸೀರೆಯುಟ್ಟ ಹೆಂಗಸೊಬ್ಬರು ಪಾಠ ಒಪ್ಪಿಸುವವರ ಹಾಗೆ ನಿಧಾನವಾಗಿ ಹೇಳುತ್ತ, ನಡುನಡುವೆ ಕ್ಯಾಮೆರಾ ಎಲ್ಲಿದೆಯೆಂದು ಹುಡುಕುತ್ತ ಮಾಡುತ್ತಿದ್ದರು. ‘ಇಷ್ಟು ಒಗ್ಗರಣೆಗೆ ಅಷ್ಟೊಂದು ಮಾತೇ!’ ಎಂದು ಅಮ್ಮ ನಗುತ್ತಿದ್ದಳು. ಆದರೂ ಏಳುತ್ತಿರಲಿಲ್ಲ. ಕಲಿಸುವವಳೂ ಕಲಿಯುವವಳೂ ಹೆಂಗಸೇ ಆಗಿದ್ದ ಕೆಲವು ವರ್ಷಗಳವು. ನೋಡುವುದಕ್ಕೆ ಸಪ್ಪೆ, ಆದರೆ ಅಲ್ಲಿ ಯಾರೂ ಯಾರಿಗೂ ಸರ್ಟಿಫಿಕೇಟು ಕೊಡುತ್ತಿರಲಿಲ್ಲ.

ಜಾಹೀರಾತಿನವರು ಮಾತ್ರ ಆಗಲೇ ಲೆಕ್ಕ ಹಾಕಿಟ್ಟಿದ್ದರು. ಹೆಂಡತಿಯನ್ನು ನಿಜವಾಗಿ ಪ್ರೀತಿಸುವ ಗಂಡ ಪ್ರೆಸ್ಟೀಜ್ ಕುಕ್ಕರನ್ನು ಬೇಡವೆನ್ನಲಾರ ಎಂಬರ್ಥದ ಜಾಹೀರಾತು ಮನೆಮಾತಾಗಿತ್ತು. ಕೊಳ್ಳುವವನು ಅವನು, ಕೂಗಿಸುವವಳು ಅವಳು. ಹಸಿದು ಬಂದ ಮಕ್ಕಳಿಗೆ ಎರಡೇ ನಿಮಿಷದಲ್ಲಿ ಮ್ಯಾಗಿ ಮಾಡಿಕೊಡುವವಳು ತಾಯಿ. 1989ರಲ್ಲಿ ನೆಸ್ಲೆ ಕಂಪನಿಯ ಕಾರ್ಖಾನೆ ನಂಜನಗೂಡಿಗೇ ಬಂತು. ರಸಬಾಳೆಗೂ ಹಲ್ಲುಪುಡಿಗೂ ಹೆಸರಾಗಿದ್ದ ಊರಿನಲ್ಲಿ ಕಾಫಿಪುಡಿ ತಯಾರಾಗತೊಡಗಿತು. ಟಿ.ವಿ.ಯ ಜಾಹೀರಾತಿನಲ್ಲಿ ಕಾಣುವ ಪದಾರ್ಥ ನಮ್ಮ ಬಸ್‌ಸ್ಟ್ಯಾಂಡಿನಿಂದ ಕೂಗಳತೆಯಲ್ಲಿ ಆಗುತ್ತದೆ ಎಂಬುದು ನಮಗೆಲ್ಲ ಒಂದು ಹೆಮ್ಮೆ.

1993ರಲ್ಲಿ ಗಾಳಿ ಬದಲಾಯಿತು. ಜೀ ಟಿ.ವಿ.ಯಲ್ಲಿ ‘ಖಾನಾ ಖಜಾನಾ’ ಶುರುವಾದದ್ದು ಆ ವರ್ಷ. ನಡೆಸಿಕೊಟ್ಟವರು ದೊಡ್ಡ ಹೋಟೆಲಿನಲ್ಲಿ ಕೆಲಸ ಮಾಡಿದ್ದ ಸಂಜೀವ್ ಕಪೂರ್. ಕಾರ್ಯಕ್ರಮಕ್ಕೆ ಮೊದಲು ಇಡಬೇಕೆಂದಿದ್ದ ಹೆಸರು ‘ಶ್ರೀಮಾನ್ ಬಾವರ್ಚಿ’. ಅದು ಬೇಡವೆಂದು ಬದಲಾಯಿಸಿಕೊಂಡವರು ತಾವೇ ಎಂದು ಅವರು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಬಾವರ್ಚಿ ಎಂದರೆ ಅಡುಗೆಯವನು, ಅದಕ್ಕೆ ‘ಶ್ರೀಮಾನ್’ ಸೇರಿಸಬೇಕೆಂದು ಯಾರಿಗೋ ತೋಚಿದ್ದರಲ್ಲೇ ಒಂದು ಇತಿಹಾಸವಿದೆ. ಗಂಡಸು ಅಡುಗೆ ಮಾಡುವುದನ್ನು ಮನೆಮಂದಿಯೆಲ್ಲ ಕೂತು ನೋಡಬೇಕಾದರೆ ಮೊದಲು ಅವನಿಗೆ ಮರ್ಯಾದೆಯ ಬಟ್ಟೆ ತೊಡಿಸಬೇಕಿತ್ತು. ಆ ಬಟ್ಟೆ ಬಿಳಿಯ ಕೋಟಿನ ರೂಪದಲ್ಲಿ ಬಂತು. ಡಾಕ್ಟರರ ಬಿಳಿ ಕೋಟಿನ ಹಾಗೆ ಅದೂ ನಂಬಿಕೆ ಹುಟ್ಟಿಸುತ್ತದೆ. ಕ್ಯಾಟರಿಂಗ್ ಕಾಲೇಜು, ತಾರಾ ಹೋಟೆಲುಗಳ ಅಡುಗೆಮನೆ ಬಹುಮಟ್ಟಿಗೆ ಗಂಡುಹುಡುಗರದೇ ಆಗಿದ್ದ ಕಾಲ. ಆದ್ದರಿಂದ ‘ಶೆಫ್’ ಎಂಬ ಮಾತು ನಮ್ಮ ಕಿವಿಗೆ ಪುಲ್ಲಿಂಗವಾಗಿಯೇ ಬಿತ್ತು.

ಅದಕ್ಕೆ ಎಷ್ಟೋ ಮೊದಲೇ ಮುಂಬಯಿಯಲ್ಲಿ ತರಲಾ ದಲಾಲ್ ಮನೆಯಲ್ಲಿ ಅಡುಗೆ ತರಗತಿ ನಡೆಸುತ್ತಿದ್ದರು. ಅವರ ಮೊದಲ ಪುಸ್ತಕ ಬಂದದ್ದು 1974ರಲ್ಲಿ. ಮುಂದೆ ಹಲವು ಭಾಷೆ, ನೂರಕ್ಕೂ ಹೆಚ್ಚು ಪುಸ್ತಕ, 2007ರಲ್ಲಿ ಪದ್ಮಶ್ರೀ. ಇಷ್ಟಾದರೂ ಪತ್ರಿಕೆಗಳು ಅವರನ್ನು ಪರಿಚಯಿಸುವಾಗ ಗೃಹಿಣಿ ಎಂದು ಶುರುಮಾಡುವುದನ್ನು ಬಿಡಲಿಲ್ಲ. ಸಂಜೀವ್ ಕಪೂರರ ಪರಿಚಯ ಗೃಹಸ್ಥ ಎಂದು ಶುರುವಾದದ್ದನ್ನು ನಾನು ಎಲ್ಲೂ ಓದಿಲ್ಲ.

ಕನ್ನಡದ ಮನೆಗಳಿಗೆ ಉದಯ ಟಿ.ವಿ. 1994ರಲ್ಲಿ, ಈಟಿವಿ 2000ದಲ್ಲಿ, ಜೀ ಕನ್ನಡ 2006ರಲ್ಲಿ, ಸುವರ್ಣ 2007ರಲ್ಲಿ ಬಂದವು. ಆ ಹೊತ್ತಿಗೆ ನಾನು ತಿ. ನರಸೀಪುರದ ಸೊಸೆ, ಶಾಲೆಯ ಮೇಷ್ಟರಮ್ಮ. ದೂರದರ್ಶನದ ‘ಸಿಹಿಕಹಿ’ ಧಾರಾವಾಹಿಯಿಂದಲೇ ಹೆಸರು ಪಡೆದ ಸಿಹಿಕಹಿ ಚಂದ್ರು ‘ಬೊಂಬಾಟ್ ಭೋಜನ’ ನಡೆಸಿಕೊಟ್ಟರು. ಜೀ ಕನ್ನಡದ ‘ಒಗ್ಗರಣೆ ಡಬ್ಬಿ’ಯ ಮುರಳಿಯವರು ಎಷ್ಟು ಮನೆಮಾತಾದರೆಂದರೆ ಡಬ್ಬಿಯೇ ಅವರ ಮನೆತನದ ಹೆಸರಾಯಿತು. ಇಬ್ಬರೂ ಬಿಳಿ ಕೋಟಿನ ಬಿಗುವಿಲ್ಲದೆ, ನಗಿಸುತ್ತ, ಅಡುಗೆಯನ್ನು ಹರಟೆಯ ಜೊತೆ ಬೆರೆಸಿದರು. ಇದರಿಂದಾದ ಒಳ್ಳೆಯದನ್ನು ಹೇಳದೆ ಹೋದರೆ ತಪ್ಪಾದೀತು. ಗಂಡಸು ಸೌಟು ಹಿಡಿದರೆ ಮುಖ ತಿರುಗಿಸುತ್ತಿದ್ದ ಅತ್ತೆಯಂದಿರೇ ‘ನೋಡೋ, ಆ ಚಂದ್ರು ಎಷ್ಟು ಚೆನ್ನಾಗಿ ಕಲಸುತ್ತಾರೆ’ ಎಂದು ಮಕ್ಕಳನ್ನು ಕರೆದು ತೋರಿಸಿದರು. ಮಸ್ಸೊಪ್ಪು, ಬಸ್ಸಾರು, ಮುದ್ದೆಗಳೂ ಟಿ.ವಿ.ಗೆ ಬಂದವು. ಮೊದಮೊದಲು ಪನೀರು ಗೋಬಿಗಳ ನಡುವೆ ನಮ್ಮ ರಾಗಿಗೆ ಅಲ್ಲಿ ಜಾಗವೇ ಇರಲಿಲ್ಲ.

ಆದರೆ ಆ ಕಾರ್ಯಕ್ರಮಗಳಲ್ಲಿ ಹೆಂಗಸಿನ ಜಾಗ ಯಾವುದು ಎಂದು ಗಮನಿಸುತ್ತ ಬಂದವಳು ನಾನು. ಅತಿಥಿಯಾಗಿ ಬಂದ ಗೃಹಿಣಿ ಅಡುಗೆ ಮಾಡುತ್ತಾಳೆ. ಪಕ್ಕದಲ್ಲಿ ನಿಂತ ನಿರೂಪಕ ಮಾತಾಡುತ್ತಾನೆ, ಕೊನೆಗೆ ರುಚಿ ನೋಡಿ ‘ಆಹಾ’ ಎನ್ನುತ್ತಾನೆ. ಆ ‘ಆಹಾ’ ಬೀಳುವ ತನಕ ಆಕೆಯ ಕಣ್ಣು ಅವನ ಮುಖದ ಮೇಲೇ. ಇಪ್ಪತ್ತು ವರ್ಷ ಬೇಯಿಸಿದ ಕೈ ಒಂದು ಚಮಚದ ತೀರ್ಪಿಗೆ ಕಾಯುತ್ತದೆ. ‘ಈ ರುಚಿ ಎಲ್ಲಿ ಕಲಿತಿರಿ?’ ಎಂದರೆ ‘ನಮ್ಮ ಅತ್ತೆಯಿಂದ’ ಎನ್ನುತ್ತಾಳೆ. ‘ಮನೆಯಲ್ಲಿ ಯಜಮಾನರಿಗೆ ಇಷ್ಟವೇ?’ ಎಂಬುದು ಮುಂದಿನ ಪ್ರಶ್ನೆ. ನಿರೂಪಕನಿಗೆ ‘ನಿಮ್ಮ ಅಡುಗೆ ಮನೆಯಾಕೆಗೆ ಇಷ್ಟವೇ?’ ಎಂದು ಕೇಳುವವರಿಲ್ಲ.

ಇನ್ನು ಅಳತೆಯ ಸಂಗತಿ. ಅಮ್ಮನ ಅಡುಗೆಯೆಲ್ಲ ಕಣ್ಣಳತೆ, ಹಿಡಿ, ಚಿಟಿಕೆ. ಟಿ.ವಿ. ಬಂದ ಮೇಲೆ ಟೀ ಚಮಚ, ಟೇಬಲ್ ಚಮಚ, ಗ್ರಾಮು. ಹೊಸದಾಗಿ ಕಲಿಯುವವರಿಗೆ, ಅದರಲ್ಲೂ ಗಂಡುಮಕ್ಕಳಿಗೆ, ಇದು ದೊಡ್ಡ ಉಪಕಾರ. ಆದರೆ ಅಳೆಯಲು ಬರುವುದೇ ವಿದ್ಯೆ, ಅಳತೆಗೆ ಸಿಗದ್ದು ಅಭ್ಯಾಸ ಎಂಬ ಭಾವನೆಯೂ ಜೊತೆಗೇ ಬಂತು. ಅಮ್ಮನ ಹುಳಿಪುಡಿಯನ್ನು ಯಾರೂ ತೂಗಿ ಬರೆದಿಡಲಿಲ್ಲ. ಕೊತ್ತಂಬರಿ ಬೀಜ ಹುರಿಯುವಾಗ ಘಮ ಬದಲಾಗುವ ಒಂದು ಗಳಿಗೆಯಿದೆ. ಅದನ್ನು ಹೇಗೆ ಬರೆಯುವುದು? ಅವಳು ಹೋದ ಮೇಲೆ ಎಷ್ಟೋ ಸಲ ಮಾಡಿದ್ದೇನೆ. ಪ್ರತಿ ಸಲವೂ ಪುಡಿ ಚೆನ್ನಾಗಿಯೇ ಬರುತ್ತದೆ, ಅವಳದ್ದು ಬರುವುದಿಲ್ಲ. ಹೀಗೆ ನಂಜನಗೂಡಿನ ಒಂದೊಂದು ಮನೆಯಲ್ಲೂ ಒಂದೊಂದು ಶಾಸ್ತ್ರಗ್ರಂಥ ಯಾರ ಗಮನಕ್ಕೂ ಬಾರದೆ ಹೊರಟುಹೋಗಿದೆ.

ಟಿ.ವಿ. ನೋಡಿ ಗಂಡಸರು ಅಡುಗೆಮನೆಗೆ ಬಂದರೇ? ಬಂದರು, ಭಾನುವಾರ ಬಂದರು. ಆ ದಿನ ಬಿರಿಯಾನಿ ಮಾಡುತ್ತಾರೆ, ಮನೆಯವರೆಲ್ಲ ಹೊಗಳಬೇಕು, ಸಿಂಕಿನ ಪಾತ್ರೆ ಸೋಮವಾರದವರೆಗೆ ಕಾಯುತ್ತದೆ. ಇದು ನನ್ನ ಬಾಯಿಚಪಲದ ಮಾತೆನ್ನುವವರಿಗೆ ಸರ್ಕಾರದ ಲೆಕ್ಕವೇ ಇದೆ. ದೇಶದಾದ್ಯಂತ ನಡೆದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಸಂಬಳವಿಲ್ಲದೆ ದಿನಕ್ಕೆ 299 ನಿಮಿಷ ದುಡಿದರೆ, ತೊಡಗಿದ ಗಂಡಸರು 97 ನಿಮಿಷ. 2024ರ ಸಮೀಕ್ಷೆಯಲ್ಲಿ ಹೆಂಗಸರದ್ದು 289ಕ್ಕೆ ಇಳಿಯಿತು. ಸಂತೋಷವೇ. ಆದರೆ ಗಂಡಸರದ್ದೂ 88ಕ್ಕೆ ಇಳಿದಿದೆ! ಹೆಂಗಸರಿಗೆ ಉಳಿದ ಹತ್ತು ನಿಮಿಷವನ್ನು ಮಿಕ್ಸಿಯೋ ಗ್ಯಾಸೋ ಕೊಟ್ಟಿರಬೇಕು, ಗಂಡಂದಿರು ಕೊಟ್ಟಹಾಗೆ ಕಾಣುವುದಿಲ್ಲ.

ಸ್ಪರ್ಧೆಗಳ ಕಾಲ ಬಂದ ಮೇಲೆ ಚಿತ್ರ ಸ್ವಲ್ಪ ಕಲಕಿತು. ‘ಮಾಸ್ಟರ್ ಶೆಫ್ ಇಂಡಿಯಾ’ 2010ರಲ್ಲಿ ಆರಂಭವಾದಾಗ ಮೊದಲ ಆವೃತ್ತಿಯನ್ನು ಗೆದ್ದ ಪಂಕಜ್ ಭದೌರಿಯಾ ಲಖನೌದ ಶಾಲಾ ಶಿಕ್ಷಕಿ. ಕೆಲಸ ಬಿಟ್ಟು ಸ್ಪರ್ಧೆಗೆ ಹೋದರಂತೆ. ನಮ್ಮ ಸ್ಟಾಫ್‌ರೂಮಿನಲ್ಲಿ ಆ ಸುದ್ದಿ ಒಂದು ವಾರ ಓಡಾಡಿತು. 2023ರಲ್ಲಿ ಗೆದ್ದದ್ದು ಜ್ಯೂಸ್ ಅಂಗಡಿ ಇಟ್ಟಿದ್ದ ಮಂಗಳೂರಿನ ಮೊಹಮ್ಮದ್ ಆಶಿಕ್. ಈಗ ಯೂಟ್ಯೂಬು ಬಂದು ಚಾನೆಲಿನವರ ಹಂಗೂ ತಪ್ಪಿದೆ. ಕಾಸರಗೋಡಿನ ಕಡೆಯ ಸುದರ್ಶನ ಭಟ್ ಬೆದ್ರಡಿಯವರು ‘ಭಟ್ ಎನ್ ಭಟ್’ನಲ್ಲಿ ಹಲಸು ಬಾಳೆಗಳ ಮನೆಯಡುಗೆಯನ್ನೇ ಮಾಡಿ ಲಕ್ಷಾಂತರ ಜನರನ್ನು ಸೆಳೆದರು. ಆಂಧ್ರದ ಮಸ್ತಾನಮ್ಮ ಎಂಬ ಅಜ್ಜಿ ನೂರು ದಾಟಿದ ವಯಸ್ಸಿನವರೆಂದು ಹೆಸರಾಗಿ, 2018ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಲೋಕಪ್ರಸಿದ್ಧರಾಗಿದ್ದರು. ಬಯಲಲ್ಲಿ ಒಲೆ ಹೂಡಿ ಬೇಯಿಸುತ್ತಿದ್ದ ಅಜ್ಜಿಗೆ ಕೋಟೂ ಬೇಕಾಗಲಿಲ್ಲ, ಚಮಚದ ಅಳತೆಯೂ ಬೇಕಾಗಲಿಲ್ಲ. ಕ್ಯಾಮೆರಾ ಹಿಡಿದು ಚಾನೆಲು ನಡೆಸಿದವರು ಮಾತ್ರ ಮರಿಮಗ ಮತ್ತು ಅವನ ಗೆಳೆಯ.

ಇಷ್ಟೆಲ್ಲ ನಾನು ಯೋಚಿಸುವಂತೆ ಮಾಡಿದ್ದು ಟಿ.ವಿ.ಗಿಂತ ಹೆಚ್ಚಾಗಿ ನನ್ನ ಶಾಲೆ. ಅಕ್ಷರ ದಾಸೋಹ 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಆರಂಭವಾಗಿ ಮರುವರ್ಷ ನಮ್ಮ ಕಡೆಗೂ ಬಂತು. ಅಲ್ಲಿಗೆ ಹೊಸಿಲಿನ ಆಚೆ ನೂರಾರು ಜನಕ್ಕೆ ಬೇಯಿಸುವುದು ಗಂಡಸರಿಗೇ ಸಾಧ್ಯ ಎಂಬ ಮಾತು ಮುಗಿಯಿತು. ಬಿಸಿಯೂಟದ ಅಡುಗೆಯವರು ಹೆಚ್ಚುಕಡಿಮೆ ಎಲ್ಲರೂ ಹೆಂಗಸರೇ. ಬೆಳಿಗ್ಗೆ ಬಂದು ಒಲೆ ಹೊತ್ತಿಸಿದರೆ ಮಧ್ಯಾಹ್ನದ ಗಂಟೆ ಹೊಡೆಯುವುದರೊಳಗೆ ಅನ್ನ ಸಾಂಬಾರು ಸಿದ್ಧ. ಉಪ್ಪು ಹೆಚ್ಚಾಯಿತೆಂದು ನಾನು ಕಂಡ ದಿನಗಳು ಬೆರಳೆಣಿಕೆಯವು. ಇವರಿಗೆ ತಿಂಗಳಿಗೆ ಸಿಗುವುದು ಕೆಲವು ಸಾವಿರ ರೂಪಾಯಿ, ಅದಕ್ಕೆ ಸರ್ಕಾರಿ ಕಾಗದದಲ್ಲಿ ಇರುವ ಹೆಸರು ‘ಗೌರವ ಸಂಭಾವನೆ’. ಸಂಬಳ ಎಂದರೆ ಅದು ಕೆಲಸವಾಗಿಬಿಡುತ್ತದೆ, ಕೆಲಸವಾದರೆ ಹಕ್ಕು ಬರುತ್ತದೆ. ದೊಡ್ಡಮನೆಯ ಅಜ್ಜಿಯ ಎರಡು ಸೀರೆಯ ಲೆಕ್ಕಕ್ಕೆ ಇದು ಬಹಳ ದೂರವಿಲ್ಲ.

ಒಮ್ಮೆ ಹತ್ತನೆಯ ತರಗತಿಯಲ್ಲಿ ಮುಂದೆ ಏನಾಗುತ್ತೀರಿ ಎಂದು ಕೇಳುತ್ತಿದ್ದೆ. ಹುಡುಗನೊಬ್ಬ ಎದ್ದು, ‘ಶೆಫ್ ಆಗ್ತೀನಿ ಮಿಸ್, ಮೈಸೂರಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದ್ತೀನಿ’ ಎಂದ. ನನ್ನ ಕಾಲದಲ್ಲಾಗಿದ್ದರೆ ತರಗತಿಯೇ ನಗುತ್ತಿತ್ತು. ಆ ದಿನ ಯಾರೂ ನಗಲಿಲ್ಲ. ಅಷ್ಟರ ಮಟ್ಟಿಗೆ ಟಿ.ವಿ.ಗೆ ನಾನು ಋಣಿ. ಅವನ ಹಿಂದಿನ ಬೆಂಚಿನ ಹುಡುಗಿಯ ತಾಯಿ ಬೆಳಗಿನ ಬಸ್ಸಿಗೇ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವರು. ಐದು ಜನರ ಮನೆಗೆ ಎರಡು ಹೊತ್ತು ಹಿಟ್ಟು ತಿರುವಿ, ಸಾರು ಕಾಸಿಟ್ಟು ಅವಳು ಶಾಲೆಗೆ ಬರುತ್ತಾಳೆಂದು ನನಗೆ ಗೊತ್ತಿತ್ತು.

‘ನಿನಗೇನಮ್ಮ ಚೆನ್ನಾಗಿ ಬರುತ್ತೆ?’ ಎಂದೆ.

‘ನಂಗೇನೂ ಬರಲ್ಲ ಮಿಸ್.’

‘ಅಡುಗೆ?’

‘ಅದು ಮನೇಲಿ ಮಾಡೋದಲ್ವಾ ಮಿಸ್’ ಎಂದು ತಲೆ ತಗ್ಗಿಸಿ ನಕ್ಕಳು.

ಆ ವರ್ಷದ ಶಾಲಾ ವಾರ್ಷಿಕೋತ್ಸವದಲ್ಲಿ ಬಿಸಿಯೂಟದ ಅಡುಗೆಯವರನ್ನು ವೇದಿಕೆಗೆ ಕರೆದು ಶಾಲು ಹೊದಿಸುವುದೆಂದು ನಾವು ಶಿಕ್ಷಕಿಯರು ಪಟ್ಟು ಹಿಡಿದು ಮಾಡಿಸಿದೆವು. ಆಹ್ವಾನಪತ್ರಿಕೆಯಲ್ಲಿ ಅವರ ಹೆಸರಿನ ಮುಂದೆ ಏನೆಂದು ಹಾಕುವುದೆಂಬ ಚರ್ಚೆ ಬಂತು. ಸಹಾಯಕಿ ಎಂದರು ಒಬ್ಬರು, ಸಿಬ್ಬಂದಿ ಎಂದರು ಇನ್ನೊಬ್ಬರು. ಕೊನೆಗೆ ‘ಪಾಕಪ್ರವೀಣೆ’ ಎಂದು ಅಚ್ಚು ಹಾಕಿಸಿದೆವು. ಶಾಲು ಹೊದ್ದ ಮೂವರೂ ಫೋಟೋಗೆ ನಿಂತವರು, ಸಾರು ತಳ ಹಿಡಿದೀತೆಂದು ಅಲ್ಲಿಂದಲೇ ಅಡುಗೆಕೋಣೆಗೆ ಓಡಿದರು.